ದೋಣಿಮನೆಗೊಂದು ದಕ್ಕೆ

ಮ್ಯಾನೇಜರು ನಮಗೆ ಎಳನೀರು ತರಿಸಿಕೊಟ್ಟಾಗಲೇ ನನಗೆ ಅನುಮಾನ ಬಂತು. ನಮ್ಮ ದೋಣಿ ಎಷ್ಟು ಉದ್ದ, ಎಷ್ಟು ಹಳೆಯದು ಎಂದು ಆತ ಇನ್ನೂ ಕೇಳಿರಲಿಲ್ಲ. ಎಳನೀರು ಮಾತ್ರ ಬಂದಿತ್ತು, ಮೇಲೊಂದು ಬಣ್ಣದ ಕಾಗದದ ಕೊಡೆ ಸಿಕ್ಕಿಸಿಕೊಂಡು.

ಮಲೇಷ್ಯಾದ ಪೋರ್ಟ್ ಡಿಕ್ಸನ್ ಕಡೆಯ ಒಂದು ಮರೀನಾ ಅದು. ಮರೀನಾ ಎಂದರೆ ಹಾಯಿದೋಣಿಗಳಿಗೆ ಬಾಡಿಗೆಗೆ ಸಿಗುವ ದಕ್ಕೆ. ತೇಲುವ ಕಟ್ಟೆ, ಅದರ ಮೇಲೆ ನಲ್ಲಿ, ಕರೆಂಟು. ಪಕ್ಕದಲ್ಲಿ ದೋಣಿ ಕಟ್ಟಿಕೊಂಡು ತಿಂಗಳುಗಟ್ಟಲೆ ಅದರೊಳಗೇ ಸಂಸಾರ ಮಾಡಬಹುದು. ನಾವು ಮಾಡಹೊರಟಿದ್ದೂ ಅದನ್ನೇ. ಮಗಳು ನಿಲಾಯ್‌ನಲ್ಲಿ ಓದಲು ಹಾಸ್ಟೆಲ್ ಸೇರಿದ್ದಳು. ಗಂಡನಿಗೂ ನನಗೂ ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು. ಪುಚೊಂಗ್‌ನ ಫ್ಲಾಟ್ ಬಿಡುತ್ತೇವೆಂದು ಮಾಲೀಕರಿಗೆ ಹೇಳಿಯಾಗಿತ್ತು. ಅದನ್ನು ಬಿಟ್ಟ ಮೇಲೆ ನಮಗಿದ್ದ ಮನೆ ಒಂದೇ, ಗಂಡ ಹಟ ಹಿಡಿದು ಕೊಂಡಿದ್ದ ಆ ಹಳೆಯ ಹಾಯಿದೋಣಿ. ಕಟ್ಟಿದ ಜಾಗ ಕೆಟ್ಟದಾಗಿದ್ದರೆ ಮನೆಯೇ ಮುಳುಗುತ್ತದೆ. ಅದರೊಳಗೆ ನಾವೂ ಇರುತ್ತೇವೆ.

ಗಂಡ ಮೈಸೂರಿನವರು. ಮದುವೆಯಾಗುವವರೆಗೆ ಅವರು ಕಂಡಿದ್ದ ದೊಡ್ಡ ನೀರೆಂದರೆ ಕನ್ನಂಬಾಡಿ. ಹಾಗಾಗಿ ಅವರಿಗೆ ಸಮುದ್ರವೆಂದರೆ ಪ್ರೀತಿ. ನಾನು ಕುಂದಾಪುರದ ಕಡೆಯ ಮೀನುಗಾರರ ಮನೆಯವಳು. ಹಾಗಾಗಿ ನನಗೆ ಪ್ರೀತಿ ಇಲ್ಲ, ಪರಿಚಯವಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಬೆಳಿಗ್ಗೆ ಅಮ್ಮನ ಜೊತೆ ಮೀನು ಮಾರಿ, ಕೈ ತಿಕ್ಕಿ ತಿಕ್ಕಿ ತೊಳೆದು ಕಾಲೇಜಿಗೆ ಹೋಗಿ ಪಡೆದ ಡಿಗ್ರಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಯಾವುದನ್ನೂ ಯಾರೂ ನನಗೆ ಸುಮ್ಮನೆ ಕೊಟ್ಟಿರಲಿಲ್ಲ. ಸುಮ್ಮನೆ ಕೊಡುವವರನ್ನು ಕಂಡರೆ ಈಗಲೂ ನನ್ನ ಕಣ್ಣು ಕಿರಿದಾಗುತ್ತದೆ.

ಎಳನೀರು ಅಲ್ಲೇ ಇಟ್ಟು ಕಟ್ಟೆಯ ಮೇಲೆ ನಡೆಯುತ್ತಾ ಹೋದೆ. ನಮ್ಮಲ್ಲಿ ಹೊಸ ಬಂದರಿಗೆ ಹೋದರೆ ಮೊದಲು ನೋಡುವುದು ಬೇರೆಯವರ ಹಗ್ಗವನ್ನು. ಬಂದರಿನವರು ಏನು ಬೇಕಾದರೂ ಹೇಳಬಹುದು, ಹಗ್ಗ ಸುಳ್ಳು ಹೇಳುವುದಿಲ್ಲ. ಅಲ್ಲಿನ ಅರ್ಧಕ್ಕರ್ಧ ದೋಣಿಗಳ ಹಗ್ಗ ಪಾಚಿ ಹಿಡಿದಿತ್ತು. ಒಂದಂತೂ ಕಬ್ಬಿಣದ ಗೂಟಕ್ಕೆ ಉಜ್ಜಿ ಉಜ್ಜಿ ಮುದುಕಿಯ ಜಡೆಯಷ್ಟು ಸಣ್ಣಗಾಗಿತ್ತು.

"ಇದರ ಮಾಲೀಕರು ಎಲ್ಲಿ?" ಎಂದು ಕೇಳಿದೆ.

"ಊರಲ್ಲಿಲ್ಲ ಆಂಟಿ. ನಾವಿದ್ದೇವಲ್ಲ, ನೋಡ್ಕೊಳ್ತೇವೆ."

"ನೋಡ್ತಾ ಇದ್ದೀರಿ ಸರಿ. ಇದು ತುಂಡಾದರೆ?"

"ಆಗಲ್ಲ ಲಾ!" ಎಂದು, ಇಲ್ಲಿಯವರು ಎಲ್ಲ ಮಾತಿಗೂ ಅಂಟಿಸುವ ಲಾ ಅಂಟಿಸಿ ನಕ್ಕು, ಈಜುಕೊಳ ತೋರಿಸಲು ಕರೆದುಕೊಂಡು ಹೋದ.

ಕಾರಿನಲ್ಲಿ ಗಂಡ ಶುರುಮಾಡಿದರು. "ಪಾಪ ಕಣೇ, ಎಷ್ಟು ಒಳ್ಳೇ ಮನುಷ್ಯ. ನೀನು ಆ ಎಳನೀರನ್ನ ಮುಟ್ಟಲೂ ಇಲ್ಲ."

"ಒಳ್ಳೇ ಮನುಷ್ಯ ಆದ್ರೆ ಆ ಹಗ್ಗ ಬದಲಾಯಿಸಲಿ. ಎಳನೀರು ನಾನೇ ಕೊಡಿಸ್ತೇನೆ."

ಲಂಕಾವಿ ದ್ವೀಪದ ಇನ್ನೊಂದು ಮರೀನಾವನ್ನು ನೋಡಲು ಹೋಗಲೇ ಇಲ್ಲ. ಇಂಟರ್ನೆಟ್ಟಿನಲ್ಲಿ ಅದನ್ನು ಹೊಗಳಿದವರೆಲ್ಲ ಒಂದೇ ಬಾಯಿಂದ ಹೊಗಳಿದಂತಿತ್ತು. ಒಂದು ಸೊಳ್ಳೆಯ ದೂರಾದರೂ ಬೇಡವೇ? ಸಾವಿರ ಜನ ಉಂಡ ಮದುವೆಯಲ್ಲೂ ಒಬ್ಬನಾದರೂ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾನೆ.

ಜುಲೈಯಲ್ಲಿ ಮಗಳಿಗೆ ರಜೆ ಬಂತು. ಮೂವರೂ ಪೂರ್ವದ ಕರಾವಳಿಗೆ, ತೆರೆಂಗಾನುವಿಗೆ ಹೋದೆವು. ಅಲ್ಲೊಂದು ಮರೀನಾ ಇದೆ, ನೋಡೋಣ ಎಂದರು ಗಂಡ. ಕಡಲಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ನೀರಿಗೆ ಇಸ್ತ್ರಿ ಹಾಕಿದ ಹಾಗಿತ್ತು. ಅಡಿಯ ಮರಳು ಕಾಣುತ್ತಿತ್ತು. ಅದೂ ಯಾವಾಗ? ಆಸಾಡಿಯಲ್ಲಿ. ನಮ್ಮೂರಲ್ಲಿ ಆಸಾಡಿ ಎಂದರೆ ಕಡಲು ಮನೆಯ ಅಂಗಳದವರೆಗೆ ಬಂದು ಬಯ್ಯುವ ತಿಂಗಳು. ಆಗ ದೋಣಿಗಳೆಲ್ಲ ದಡದ ಮೇಲೆ, ತೆಂಗಿನ ಗರಿಯ ಮರೆಯಲ್ಲಿ ಬೋರಲು ಮಲಗಿರುತ್ತವೆ. ಯಾರೂ ನೀರಿಗಿಳಿಯುವುದಿಲ್ಲ. ಆಸಾಡಿಯಲ್ಲೇ ಹೀಗಿದ್ದರೆ ಡಿಸೆಂಬರಿನಲ್ಲಿ ಇನ್ನು ಹೇಗಿರಬೇಡ!

ಅಲ್ಲೇ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕಡಲು ತೋರಿಸಿದೆ. ಅಮ್ಮ ಫೋನನ್ನು ಮುಖದ ಹತ್ತಿರ ತಂದು ನೋಡಿ, "ಆಸಾಡಿಯಗೆ ಹೀಂಗ್ ಇತ್ತಾ? ಹಂಗಾರೆ ಅದ್ ಕಡ್ಲೇ ಅಲ್ಲ ಮಗಾ, ಕೆರಿ" ಎಂದಳು. ನಾನು ಅದನ್ನು ಸರ್ಟಿಫಿಕೇಟಿನಂತೆ ಸ್ವೀಕರಿಸಿದೆ.

ಕಟ್ಟೆಯ ಹಗ್ಗಗಳನ್ನು ನೋಡಿದೆ. ಒಂದೂ ಸವೆದಿರಲಿಲ್ಲ. ಮ್ಯಾನೇಜರು ನಡುವಯಸ್ಸಿನ ಮಲಯ್ ಮನುಷ್ಯ. ಎಳನೀರಿಲ್ಲ, ನಗುವೂ ಇಲ್ಲ. ಇಲ್ಲಿ ಅಕ್ಕನಿಗೆ ಕಾಕ್ ಎನ್ನುತ್ತಾರೆ.

"ಕಾಕ್, ಅಕ್ಟೋಬರ್ ಅರ್ಧದವರೆಗೆ ಜಾಗ ಕೊಡ್ತೇನೆ. ಆಮೇಲೆ ಇಲ್ಲ. ಬೇಕಾದರೆ ಮಾರ್ಚ್ ಕಳೆದು ವಾಪಸ್ ಬನ್ನಿ."

"ನಮಗೆ ಇಡೀ ವರ್ಷಕ್ಕೆ ಬೇಕು."

"ಇಡೀ ವರ್ಷಕ್ಕೆ ಯಾರಿಗೂ ಇಲ್ಲ."

ಸುತ್ತ ನೋಡಿದೆ. ಕಟ್ಟಿದ್ದ ದೋಣಿಗಳಲ್ಲಿ ಹೆಚ್ಚಿನವು ಬಿಳಿಯರವು. ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡೆ. ಕಾಲೇಜು ಸೇರಿದಾಗ ಹಾಸ್ಟೆಲಿನಲ್ಲಿ ನನಗೆ ಜಾಗ ಇಲ್ಲ ಎಂದಿದ್ದರು. ಮರುದಿನ, ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳಿಗೆ ಅದೇ ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿತು. ಜಾಗ ಇತ್ತು, ನನಗೆ ಇರಲಿಲ್ಲ, ಅಷ್ಟೇ. ನನ್ನ ಇಂಗ್ಲಿಷು ಕಷ್ಟಪಟ್ಟು ಕಲಿತದ್ದು, ಜಗಳಕ್ಕೆ ಚೆನ್ನಾಗಿ ಒದಗುತ್ತದೆ. "ಅಕ್ಟೋಬರಿನಲ್ಲಿ ಯಾರಿಗೋಸ್ಕರ ಕಟ್ಟೆ ಖಾಲಿ ಮಾಡಿಸ್ತೀರಿ? ಬರುವವರು ಯಾರು, ಹೇಳಿ" ಎಂದೆ.

"ಯಾರೂ ಇಲ್ಲ. ಅಲೆ ಬರುತ್ತೆ."

"ನಾನು ಮೀನುಗಾರರ ಮಗಳು. ಅಲೆ ಯಾವಾಗ ಬರುತ್ತೆ ಅಂತ ನನಗೆ ಹೇಳ್ಬೇಡಿ."

ಆತ ಭುಜ ಕುಣಿಸಿ ಒಳಗೆ ಹೋದ. ಮಗಳು ನೆಲ ನೋಡುತ್ತಿದ್ದಳು. "ಅಮ್ಮಾ, ಯು ಡೋಂಟ್ ಟ್ರಸ್ಟ್ ಎನಿಬಡಿ ಲಾ. ಮೊದಲನೇ ಅಂಕಲ್ ನಕ್ಕಿದ್ದಕ್ಕೆ ಪ್ರಾಬ್ಲಮ್, ಈ ಅಂಕಲ್ ನಗದೇ ಇದ್ದದ್ದಕ್ಕೆ ಪ್ರಾಬ್ಲಮ್."

ದಡದ ರಸ್ತೆಯಲ್ಲಿ ತೆಂಗಿನಹಾಲಿನಲ್ಲಿ ಬೇಯಿಸಿದ ನಾಸಿ ಲೆಮಾಕ್ ಅನ್ನವನ್ನು ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡು, ಪೊಟ್ಟಣ ಹಿಡಿದು ನೆರಳು ಹುಡುಕುತ್ತಾ ನಡೆದೆವು. ಅಕ್ಟೋಬರ್ ಬಂದರೂ ನಾವು ಕದಲಬಾರದು, ಆಗ ಏನು ಮಾಡುತ್ತಾನೋ ನೋಡೋಣ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಯಾರನ್ನೂ ಅನುಮಾನಿಸದ ಗಂಡ ಆಗ ಒಂದು ಮಾತು ಕೇಳಿದರು.

"ಅಲ್ವೇ, ನನಗೆ ಗೊತ್ತಾಗಲ್ಲ, ಬೈಬೇಡ. ನಿಮ್ಮೂರ ಕಡಲಿಗೆ ಸಿಟ್ಟು ಬರೋದು ಆಷಾಢದಲ್ಲಿ. ಇದಕ್ಕೆ ಈಗ ಬಂದಿಲ್ಲ. ಹಾಗಾದ್ರೆ ಇದಕ್ಕೆ ಸಿಟ್ಟು ಬರೋದು ಯಾವಾಗ?"

"ಇದಕ್ಕೆ ಬರಲ್ಲ" ಎಂದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಅನುಮಾನವಾಯಿತು. ಸಿಟ್ಟೇ ಬರದ ಸಮುದ್ರ ಎಲ್ಲಿದೆ?

ನೆರಳಿಗೆಂದು ನಾವು ನಿಂತಿದ್ದು ಮೀನುಗಾರರ ಒಂದು ದೋಣಿ ಚಪ್ಪರದ ಕೆಳಗೆ. ಅಲ್ಲಿಯವರೆಗೆ ಅದನ್ನು ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದೆ. ತಗಡಿನ ಮಾಡು, ಕಡಲಿಗೆ ಬೆನ್ನು ಹಾಕಿದ ಗೋಡೆ. ನೀರಿನಿಂದ ಬಹಳ ಮೇಲೆ, ರಸ್ತೆಗಿಂತಲೂ ಮೇಲೆ. ನೀರಿನವರೆಗೆ ದೋಣಿ ಉರುಳಿಸುವ ಮರದ ದಿಮ್ಮಿಗಳು ಬಿಸಿಲಿಗೆ ಬಿರುಕುಬಿಟ್ಟು ಬಿದ್ದಿದ್ದವು. ಸಾಲಾಗಿ ಇನ್ನೂ ಅಂಥವೇ ಚಪ್ಪರಗಳು. ಎಲ್ಲವೂ ಖಾಲಿ. ದೋಣಿಗಳೆಲ್ಲ ದೂರದಲ್ಲಿ ನೀರಿನ ಮೇಲೆ, ಆರಾಮವಾಗಿ ಬಲೆ ಬಿಟ್ಟುಕೊಂಡು ಇದ್ದವು.

ಇಷ್ಟು ಎತ್ತರಕ್ಕೆ ದೋಣಿ ಎಳೆಯುವ ಕಷ್ಟವನ್ನು ಯಾರೂ ಶೋಕಿಗೆ ಪಡುವುದಿಲ್ಲ. ನಮ್ಮೂರಲ್ಲಿ ಈ ತಿಂಗಳು ಚಪ್ಪರಗಳೆಲ್ಲ ತುಂಬಿರುತ್ತವೆ, ಡಿಸೆಂಬರಿನಲ್ಲಿ ಖಾಲಿ. ಇಲ್ಲಿ ಈಗ ಖಾಲಿ. ಹಾಗಾದರೆ ಇವು ತುಂಬುವ ತಿಂಗಳು ಬೇರೆಯೇ ಇದೆ. ನಮ್ಮ ಆಸಾಡಿಯನ್ನು ನಾನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದು ಈ ಕಡಲಿಗೆ ತೊಡಿಸಲು ನೋಡಿದ್ದೆ. ಮಳೆ ಅಲ್ಲಿ ಪಶ್ಚಿಮದ ಕಡಲಿನಿಂದ ಬಂದರೆ ಇಲ್ಲಿ ಪೂರ್ವದ ಕಡಲಿನಿಂದ, ಅದೂ ನಾವು ದೀಪಾವಳಿ ಮುಗಿಸಿ ಕೊಡೆ ಒಳಗಿಡುವ ಹೊತ್ತಿಗೆ. ಪುಚೊಂಗ್‌ನಲ್ಲಿ ವರ್ಷವಿಡೀ ಮಧ್ಯಾಹ್ನದ ಮಳೆ ನೋಡಿದವಳಿಗೆ ಇದು ಹೊಳೆದಿರಲೇ ಇಲ್ಲ.

"ಏನಾಯ್ತೇ?" ಎಂದರು ಗಂಡ.

"ತಿನ್ನಿ, ಬೇಗ ತಿನ್ನಿ. ಅವನ ಆಫೀಸು ಮುಚ್ಚೋದರೊಳಗೆ ಹೋಗ್ಬೇಕು."

ಆತ ಬೀಗ ಹಾಕುತ್ತಿದ್ದ. ಕ್ಷಮಿಸಿ ಎಂದು ನಾನು ಹೇಳಲಿಲ್ಲ. ಚಪ್ಪರ ನೋಡಿದೆ ಎಂದೆ. ಆತನಿಗೆ ಅಷ್ಟೇ ಸಾಕಾಯಿತು. ಮೊದಲ ಸಲ ಸ್ವಲ್ಪ ನಕ್ಕ. ಫೋನಿನಲ್ಲಿ ಕಳೆದ ಮಳೆಗಾಲದ ವಿಡಿಯೋ ತೋರಿಸಿದ. ನಾವು ನಿಂತಿದ್ದ ಅದೇ ಕಟ್ಟೆ, ಮೇಲೆ ಒಂದೂ ದೋಣಿಯಿಲ್ಲ, ಬಂಡೆಗಳ ತಡೆಗೋಡೆ ಹಾರಿ ಬರುತ್ತಿದ್ದ ನೀರು. ಬಣ್ಣ ನಮ್ಮೂರಿನದೇ, ಚಹಾದ ಬಣ್ಣ.

"ನಿಮ್ಮ ಸ್ವಂತ ದೋಣಿಯಾದರೆ ವರ್ಷವಿಡೀ ಎಲ್ಲಿ ಇಡ್ತೀರಿ?" ಎಂದು ಕೇಳಿದೆ.

"ಆ ಕಡೆ, ಪಶ್ಚಿಮ ಕರಾವಳಿಯಲ್ಲಿ. ಪೆರಾಕ್‌ನಲ್ಲಿ ಒಂದು ಹೊಳೆಯ ಒಳಗೆ. ಚೆನ್ನಾಗಿಲ್ಲ ಕಾಕ್. ಕೆಸರು, ಒಣಮೀನಿನ ವಾಸನೆ. ನಿಮಗೆ ಇಷ್ಟ ಆಗಲ್ಲ."

ಅಲ್ಲಿಂದ ಇವನಿಗೆ ಕಮಿಷನ್ ಇರಬಹುದೇ ಎಂಬ ಯೋಚನೆ ವಾಪಸು ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಇದ್ದರೆ ಕೆಸರು ಎಂದು ಯಾಕೆ ಹೇಳುತ್ತಿದ್ದ ಎಂದರು ಗಂಡ. ನಂಬಿಸುವುದಕ್ಕೇ ಇರಬಹುದು ಎಂದೆ ನಾನು. ಹಿಂದಿನ ಸೀಟಿನಲ್ಲಿ ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಹೊಳೆಯ ಜಾಗ ಅವನು ಹೇಳಿದ್ದಕ್ಕಿಂತಲೂ ಕೆಟ್ಟದಾಗಿ ಕಾಣುತ್ತಿತ್ತು. ಕಂದು ನೀರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳು, ಹಳೇ ಹಲಗೆಯ ಕಟ್ಟೆ, ಎದುರಿಗೊಂದು ಮಾಮಕ್ ಅಂಗಡಿ, ಎಂದರೆ ತಮಿಳು ಮುಸ್ಲಿಮರ ಹೋಟೆಲು. ಹಗ್ಗಗಳು ಮಾತ್ರ ಹೊಸವು. ಉಜ್ಜುವ ಕಡೆಯಲ್ಲೆಲ್ಲ ಹಳೆಯ ಪೈಪಿನ ತುಂಡು ತೊಡಿಸಿದ್ದರು. ಅಲ್ಲಿ ನೋಡಿಕೊಳ್ಳುವವಳು ಒಬ್ಬ ಚೀನೀ ಹೆಂಗಸು. ಕೇಳುವ ಮೊದಲೇ ಹೇಳಿದಳು: ಕೆಲವು ಬೆಳಗಿನ ಜಾವ ಪಶ್ಚಿಮದಿಂದ ಗಾಳಿ ನುಗ್ಗುತ್ತದೆ, ಇಲ್ಲಿ ಅದಕ್ಕೆ ಸುಮಾತ್ರಾ ಎನ್ನುತ್ತಾರೆ, ನದಿಯ ಬಾಯಿ ಆ ಕಡೆಗಿಲ್ಲ, ಆದರೂ ದೋಣಿ ಎಳೆಯುತ್ತದೆ, ನೀವು ಬೈಯುತ್ತೀರಿ.

"ದೋಣಿ ಮುಳುಗಿದ್ದು ಇದೆಯಾ ಇಲ್ಲಿ?" ಎಂದೆ.

"ಒಂದು. ಅವನು ಮಳೆನೀರು ಖಾಲಿ ಮಾಡಲಿಲ್ಲ. ನನ್ನ ಮಾತು ಕೇಳಲಿಲ್ಲ" ಎಂದು ಕೆಸರಿನಿಂದ ಮೇಲೆದ್ದಿದ್ದ ಒಂದು ಹಾಯಿಕಂಬ ತೋರಿಸಿದಳು.

ಮುಳುಗಿದ ದೋಣಿಯನ್ನು ತಾನೇ ತೋರಿಸಿದ ಮೊದಲ ಮರೀನಾ ಅದು. ಅಲ್ಲೇ ಜಾಗ ಹಿಡಿದೆವು.

ದೋಣಿ ತಂದು ಕಟ್ಟಿದ ದಿನ ಗಂಟುಗಳನ್ನು ನಾನೇ ಹಾಕಿದೆ. ಗಂಡ ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿದೆ. ಸಂಸಾರ ಶುರುವಾಗಿ ಸ್ವಲ್ಪ ದಿನಕ್ಕೆ, ಬೆಳಕು ಹರಿಯುವ ಹೊತ್ತಿಗೆ, ಆ ಸುಮಾತ್ರಾ ಬಂತು. ಮೊದಲು ಗಾಳಿಯೇ ನಿಂತುಹೋಯಿತು. ಪಶ್ಚಿಮದಲ್ಲಿ ಕಪ್ಪಗೆ ಒಂದು ಮೋಡದ ಮಡಿಕೆ ಎದ್ದಿತು. ಆಮೇಲೆ ಮಳೆ ಅಡ್ಡಡ್ಡ ಬಂತು. ದೋಣಿ ಒಂದು ಕಡೆ ವಾಲಿ ಹಗ್ಗವನ್ನು ಎಳೆಯಿತು, ಮರ ಕರಕರ ಅಂದಿತು, ಸ್ಟವ್ ಮೇಲಿದ್ದ ಕಾಫಿ ನೆಲದ ಮೇಲಾಯಿತು. ಗಂಡ ಕಂಬಿ ಹಿಡಿದುಕೊಂಡು, "ಹಗ್ಗ ತಡೆಯುತ್ತಾ ಕಣೇ?" ಎಂದರು. ನಾನು ಹಗ್ಗದ ಸದ್ದು ಕೇಳುತ್ತಿದ್ದೆ. ಅದು ಎಳೆಯಿತು, ನಿಂತಿತು. ಮತ್ತೆ ಎಳೆಯಿತು, ಮತ್ತೆ ನಿಂತಿತು.

ಎಲ್ಲ ಮುಗಿದ ಮೇಲೆ ಹೊರಗೆ ಬಂದೆ. ಆ ಹೆಂಗಸು ರೇನ್‌ಕೋಟ್ ತೊಟ್ಟು ಒಂದೊಂದೇ ದೋಣಿಯ ಹಗ್ಗ ಮುಟ್ಟಿ ನೋಡುತ್ತಾ ಬರುತ್ತಿದ್ದಳು. ನಮ್ಮದನ್ನೂ ಮುಟ್ಟಿದಳು.

"ಈ ಹಗ್ಗ ಚಿಕ್ಕದು ಲಾ, ನೀರು ಏರಿಳಿದರೆ ಸಾಲಲ್ಲ" ಎಂದಳು.

ನಾನು ಕಟ್ಟಿದ್ದು ಚಿಕ್ಕದಂತೆ. ಒಳಗೆ ಹೋಗಿ ಇನ್ನೊಂದು ಹಗ್ಗ ತಂದೆ. ಆಕೆ ಒಂದು ತುದಿ ಹಿಡಿದಳು.