ಊಟ ಬಂದ್

ಸ್ಕೂಟರ್ ಜಾರಿ ಮೊಣಕಾಲ ಚಿಪ್ಪು ಒಡೆದುಕೊಂಡ ನಾನು ಬೆಳಗಾವಿಯ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿದ್ದೆ. ನನ್ನ ಆಪರೇಷನ್ ಮುಗಿದಿತ್ತು. ಉಳಿದ ಕೆಲಸ ಎಂದರೆ ಮಲಗುವುದು, ಪಕ್ಕದ ಮಂಚದ ಕಡೆ ನೋಡುವುದು.

ಪಕ್ಕದ ಮಂಚದಲ್ಲಿ ಖಾನಾಪುರ ತಾಲೂಕಿನ ಒಬ್ಬ ಹಿರಿಯರು. ನಂದಗಡದ ಹತ್ತಿರ ಎಮ್ಮೆ ಕಟ್ಟಿಕೊಂಡು ಹಾಲು ಹಾಕುವವರು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಿತ್ತು. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಜೊತೆಗೆ ಮಗಳು. ಆಕೆ ಅನಗೋಳದ ನೆಂಟರ ಮನೆಯಲ್ಲಿ ಉಳಿದು, ದಿನಾ ಅಡುಗೆ ಮಾಡಿ ಡಬ್ಬಿ ತರುತ್ತಿದ್ದಳು. ಗುಟ್ಟಿನ ಮಾತಿದ್ದರೆ ಅಪ್ಪ ಮಗಳು ಮರಾಠಿಗೆ ಹೊರಳುತ್ತಿದ್ದರು. ಇಡೀ ವಾರ್ಡಿಗೆ ಮರಾಠಿ ಬರುತ್ತಿತ್ತು. ಅರ್ಥವಾಗಲಿಲ್ಲ ಎಂಬಂತೆ ನಾವೆಲ್ಲ ಬೇರೆ ಕಡೆ ನೋಡುತ್ತಿದ್ದೆವು.

ಆಪರೇಷನ್ನಿನ ಹಿಂದಿನ ಸಂಜೆ ಸಿಸ್ಟರ್ ಒಂದು ರಟ್ಟಿನ ಬೋರ್ಡು ತಂದು ಅವರ ತಲೆಯ ಮೇಲಿನ ಮೊಳೆಗೆ ತೂಗುಹಾಕಿದರು. ಕೆಂಪು ಅಕ್ಷರದಲ್ಲಿ ‘ಊಟ ಬಂದ್’ ಎಂದಿತ್ತು. ನೀರೂ ಬಂದ್ ಎಂದು ಬಾಯಲ್ಲಿ ಹೇಳಿಹೋದರು.

ಬೆಳಿಗ್ಗೆ ಅವರಿಗೆ ಹಸಿರು ಅಂಗಿ ತೊಡಿಸಿದರು. ಹಿರಿಯರು ಬಾಗಿಲ ಕಡೆ ಮುಖ ಮಾಡಿ ಕಾದರು. ಮಧ್ಯಾಹ್ನ ದಾಟಿತು. ತುಟಿ ಒಣಗಿತು. ಮಗಳು ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ಹೊತ್ತು ಇಳಿದ ಮೇಲೆ ಕಸ ಗುಡಿಸಲು ಬಂದ ಆಯಾ, ಇವತ್ತು ಇವರದು ಇಲ್ಲವಂತೆ, ಅಪಘಾತದ ಕೇಸು ಬಂದಿದೆಯಂತೆ ಎಂದಳು. ಅದೇ ಅಧಿಕೃತ ಪ್ರಕಟಣೆ. ರಾತ್ರಿ ಎರಡು ತುತ್ತು ತಿನ್ನುವಷ್ಟರಲ್ಲಿ ಮತ್ತೆ ಬಂದ್ ಆಯಿತು.

ಮರುದಿನವೂ ಅದೇ ಅಂಗಿ, ಅದೇ ಬಾಗಿಲು. ಪತ್ರಿಕೆಯ ಸುದ್ದಿಮನೆಯಲ್ಲಿ ದುಡಿಯುವವನ ಚಟ, ನಾನು ಸಿಸ್ಟರನ್ನು ವಿಚಾರಿಸಿದೆ. ಅಪಘಾತದ ಕೇಸು ಬಂದದ್ದು ನಿಜ, ಅದನ್ನು ಮೊದಲು ತೆಗೆದುಕೊಂಡದ್ದೂ ಸರಿ. ಆದರೆ ಹಿರಿಯರ ಸರದಿ ಮುಂದೆ ಹೋದದ್ದು ಆಪರೇಷನ್ ಥಿಯೇಟರಿನವರಿಗೆ ಹಿಂದಿನ ದಿನ ಬೆಳಿಗ್ಗೆಯೇ ಗೊತ್ತಿತ್ತು. ವಾರ್ಡಿಗೆ ಹೇಳಿ ಕಳಿಸುವುದು ಯಾರ ಕೆಲಸ ಎಂದು ಕೇಳಿದರೆ ಸಿಸ್ಟರಿಗೆ ಗೊತ್ತಿರಲಿಲ್ಲ. ಹಾಸಿಗೆ ಸಾಲದು, ಯಂತ್ರ ಕೆಟ್ಟಿದೆ ಎನ್ನುವ ಸುದ್ದಿಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ಇಲ್ಲಿ ಕೊರತೆಯಾದದ್ದು ಒಂದು ಮಾತು. ‘ಇವತ್ತಿಲ್ಲ, ಉಣ್ಣಿರಿ’ ಎನ್ನಲು ಅನುದಾನ ಬೇಕಿರಲಿಲ್ಲ.

ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಗೆ ಇದನ್ನೇ ಹೇಳಿದೆ. ಅವರು ಕೇಸ್ ಪೇಪರಿನಿಂದ ತಲೆ ಎತ್ತಲಿಲ್ಲ.

“ನೀವು ಇವರಿಗೆ ಏನಾಗಬೇಕ್ರಿ?”

ಪಕ್ಕದ ಮಂಚದವನು ಎಂದೆ.

“ಹಂಗಾದ್ರ ನಿಮ್ಮ ಮೊಣಕಾಲ ಅಷ್ಟ ನೋಡ್ಕೋರಿ.”

ಹಿಂದಿದ್ದ ವಿದ್ಯಾರ್ಥಿಗಳು ನಕ್ಕರು. ಅವರು ಹೋದ ಮೇಲೆ ಹಿರಿಯರು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೃತಜ್ಞತೆ ಇರಲಿಲ್ಲ, ಭಯ ಇತ್ತು.

“ಸರ, ನೀವು ಕೇಳಿ ಮನಿಗೆ ಹೋಗ್ತೀರಿ. ನಾಳಿ ನನ್ನ ಮ್ಯಾಲೆ ಚಾಕು ಹಿಡಿಯಾವ್ರು ಅವ್ರ. ಸುಮ್ಮಕಿರ್ರಿ.”

 ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ, ಸಿಟ್ಟಾದರೆ ಕೈ ಸರಿಯಾಗಿ ಆಡುವುದಿಲ್ಲ. ನಮ್ಮ ವಾರ್ಡಿನಲ್ಲಿ ಎಲ್ಲರೂ ನಂಬಿದ್ದ ಮಾತು ಇದು. ಆ ನಂಬಿಕೆಯನ್ನು ತೆಗೆದುಹಾಕಲು ಆಸ್ಪತ್ರೆಯವರು ಏನೂ ಮಾಡಿರಲಿಲ್ಲ. ಅವರಿಗೆ ಅದರಿಂದ ಅನುಕೂಲವೇ ಇತ್ತು.

ಆ ದಿನವೂ ಅವರ ಸರದಿ ಬರಲಿಲ್ಲ. ಮೂರನೆಯ ದಿನ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು, ಅದನ್ನೂ ಹೇಳಬೇಕು. ಮರುದಿನ ಬೆಳಿಗ್ಗೆ ಮಗಳು ಡಬ್ಬಿಯ ಜೊತೆ ಕುಂದಾ ಸಿಹಿಯ ಪೊಟ್ಟಣವನ್ನೂ ತಂದಳು. ಆದರೆ ಡಬ್ಬಿ ಬಿಚ್ಚಲಿಲ್ಲ. ತಲೆಯ ಮೇಲೆ ಬೋರ್ಡು ಹಾಗೇ ಇತ್ತು. ಆಕೆ ಒಮ್ಮೆ ಅದನ್ನು, ಒಮ್ಮೆ ಬಾಗಿಲನ್ನು ನೋಡುತ್ತ ಕೂತಳು. ನಾನು ಸಿಸ್ಟರನ್ನು ಕರೆಯಲೇ ಎಂದರೆ ಬೇಡವೆಂದು ಕೈ ಆಡಿಸಿದಳು.

ದೊಡ್ಡ ಡಾಕ್ಟರು ಬಂದರು. ಆಕೆ ಕಾಲು ಮುಟ್ಟಿ ಪೊಟ್ಟಣ ಮುಂದೆ ಹಿಡಿದಳು. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು, ನಾಷ್ಟಾ ಆಯಿತೇ ಎಂದು ಹಿರಿಯರನ್ನು ಕೇಳಿದರು. ಇಲ್ಲವೆಂದು ತಿಳಿದಾಗ ಮಗಳ ಕಡೆ ತಿರುಗಿದರು.

“ಏನವಾ, ನಿನ್ನೆ ಆಪರೇಷನ್ ಆಗೇತಿ, ಸಕ್ಕರಿ ಪೇಷಂಟ್ ಇದ್ದಾರ. ಇನ್ನೂ ಉಪಾಸ ಕೆಡವೀಯಲ್ಲ, ಬುದ್ಧಿ ಐತೇನ?”

“ತಪ್ಪಾತ್ರಿ,” ಎಂದಳು ಆಕೆ.

ನನ್ನ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಹಿರಿಯರ ದನಿ ಕೇಳಿತು. ಗಂಟಲು ಒಣಗಿದ್ದರೂ ಮಾತು ಸ್ಪಷ್ಟವಾಗಿತ್ತು.

“ಸಾಹೇಬ್ರ, ಆಕಿದೇನೂ ತಪ್ಪಿಲ್ರಿ. ತಲಿ ಮ್ಯಾಲೆ ನಿಮ್ಮ ಬೋರ್ಡ ಐತಿ. ಅದನ್ನ ತಗೀರಿ, ಉಣ್ತೇನಿ.”

ಡಾಕ್ಟರು ಬೋರ್ಡು ನೋಡಿದರು. ಆಮೇಲೆ ಸಿಸ್ಟರನ್ನು ನೋಡಿದರು. ಸಿಸ್ಟರು ಬಾಗಿಲಲ್ಲಿದ್ದ ಆಯಾಳನ್ನು ನೋಡಿದರು. ಯಾರ ಕೈಯೂ ಮೇಲೇಳಲಿಲ್ಲ. ಕೊನೆಗೆ ಮಗಳೇ ಸ್ಟೂಲು ಹತ್ತಿ ಬೋರ್ಡನ್ನು ಕಳಚಿ, ಮಂಚದ ಕೆಳಗೆ ಚಪ್ಪಲಿಗಳ ಪಕ್ಕ ಇಟ್ಟು, ಡಬ್ಬಿ ಬಿಚ್ಚಿದಳು.

ಹಿರಿಯರು ಮೊದಲ ತುತ್ತು ಬಾಯಿಗಿಟ್ಟುಕೊಳ್ಳುವಾಗ ದೊಡ್ಡ ಡಾಕ್ಟರು ನನ್ನ ಮಂಚದ ಬಳಿ ನಿಂತು, ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದರು.