ಬಿರುಕಿನ ಸದ್ದು

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಧುಪದಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ವಿಜ್ಞಾನದ ಗಾಜು ತೊಳೆದಿದ್ದೇನೆ. ಕಸ ಗುಡಿಸಲು ಇಟ್ಟುಕೊಂಡವರೇ ಲ್ಯಾಬಿನ ಕೀಲಿಕೈಯನ್ನೂ ಕೊಟ್ಟರು. ಬೇರೆಯವರು ಮುಟ್ಟಿದರೆ ಒಡೆಯುತ್ತಿತ್ತು, ಅದಕ್ಕೆ.

ಗಾಜು ಹಿಡಿಯುವುದು ನನಗೆ ತವರಿನಿಂದ ಬಂದದ್ದು. ನಮ್ಮವ್ವ ಹತ್ತರಗಿಯಲ್ಲಿ ಬಳೆ ಮಾರುತ್ತಿದ್ದಳು. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ದಡ್ಡಿ, ಹುಕ್ಕೇರಿ ಎಂದು ನಡೆಯುವವಳು, ಹಿಂದೆ ನಾನು. ಯಾರ ಕೈಗೇ ಆಗಲಿ, ಇಡುವ ಮೊದಲು ಒಂದೊಂದು ಬಳೆಯನ್ನೂ ಬೆರಳ ತುದಿಗೆ ತೂಗುಬಿಟ್ಟು ಉಗುರಿನಿಂದ ಬಡಿಯುತ್ತಿದ್ದಳು. ಗಟ್ಟಿ ಬಳೆ ಟಿಣ್ಣ್ ಎಂದು ದನಿ ಎಳೆಯುತ್ತದೆ. ಬಿರುಕು ಬಿಟ್ಟದ್ದು ಟಕ್ ಎಂದು ಸುಮ್ಮನಾಗುತ್ತದೆ. ಮದುಮಗಳ ಕೈಯಲ್ಲಿ ಬಳೆ ಒಡೆದರೆ ಅಪಶಕುನ ಆಕೆಗೆ, ಬೈಗುಳ ಬಳೆಗಾರ್ತಿಗೆ. ಒಮ್ಮೆ ನಾನು ಟಕ್ ಎಂದ ಬಳೆಯನ್ನು ಗಟ್ಟಿ ಅಂದೆ. ಅವ್ವ ಸಂತೆಯಲ್ಲೇ ಕಿವಿ ಹಿಂಡಿದಳು. ಆಮೇಲೆ ತಪ್ಪಿಲ್ಲ.

ನಾನೀಗ ಹೇಳುವ ಸಂಗತಿ ನಡೆದಾಗ ಕೆಲಸಕ್ಕೆ ಸೇರಿ ಎರಡನೇ ವರ್ಷ. ಮೂಡಲಗಿಯಿಂದ ಬಸ್ಸಿಗೆ ಬರುತ್ತಿದ್ದ ವಿಜ್ಞಾನ ಕಲಿಸುವ ಅಕ್ಕೋರು ಆಗಷ್ಟೇ ಶಾಲೆಗೆ ಸೇರಿದ್ದರು. ಊಟದ ಬಿಡುವಿನ ನಂತರ ಹತ್ತನೇ ಇಯತ್ತೆಯ ಹುಡುಗಿಯರಿಗೆ ಬೀಕರಿನಲ್ಲಿ ನೀರು ಕಾಯಿಸಿ ತೋರಿಸುವ ಪಾಠವಿತ್ತು. ಪಾಠಕ್ಕೆ ಕೊಡುವ ಮೊದಲು ಬಡಿದು ನೋಡುವುದು ನನ್ನ ಚಾಳಿ. ದೊಡ್ಡ ಬೀಕರು ಟಕ್ ಅಂತು. ತೆಗೆದು ಕಿಟಕಿಯಲ್ಲಿ ಇಟ್ಟೆ.

"ಆಯಿ, ದೊಡ್ಡ ಬೀಕರ್ ಯಾಕ ಅಲ್ಲಿಟ್ಟಿ?" ಅಂದರು ಅಕ್ಕೋರು.

"ಅದು ಬ್ಯಾಡ್ರಿ ಅಕ್ಕೋರ. ಒಡಕೈತಿ."

ಅವರು ಬಿಸಿಲಿಗೆ ಹಿಡಿದು ನೋಡಿದರು. ಮೊಬೈಲಿನ ಬೆಳಕು ಒಳಗೆ ಬಿಟ್ಟು ನೋಡಿದರು. "ಸಣ್ಣ ಗೀರು ಬಿಟ್ರ ಎಲ್ಲೂ ಏನೂ ಕಾಣವಲ್ದು," ಎಂದು ನನ್ನ ಕೈಗೆ ಕೊಟ್ಟರು.

"ಕಣ್ಣಿಗೆ ಕಾಣಂಗಿಲ್ರಿ. ಕಿವಿಗೆ ಕೇಳ್ತೈತಿ."

"ಇದೇನ್ ಸಂತ್ಯಾಗಿನ ಮಣ್ಣಿನ ಗಡಗಿ ಏನ್ ಆಯಿ, ಬಡದ್ ನೋಡಾಕ? ಬೆಂಕಿಗೆ ಇಡಾಕಂತನ ಮಾಡಿದ ಗಾಜಿದು."

"ಬಳಿನೂ ಬೆಂಕ್ಯಾಗನ ಹುಟ್ತಾವ್ರಿ. ಒಡ್ಯೂದು ಬಿಟ್ಟಾವೇನ್?"

ಅಕ್ಕೋರಿಗೆ ಸಿಟ್ಟು ಬಂತು. ಅಷ್ಟು ದೊಡ್ಡದು ಶಾಲೆಯಲ್ಲಿ ಇದ್ದದ್ದು ಅದೊಂದೇ, ಗಂಟೆ ಬಾರಿಸುವ ಹೊತ್ತು ಬೇರೆ. ಕೈ ಚಾಚಿದರು. ನಾನು ಕೊಡಲಿಲ್ಲ.

"ಹುಡುಗ್ಯಾರು ಮಾರಿ ಬಗ್ಗಿಸಿ ನೋಡ್ತಾರ. ಕಣ್ಣಾಗ ಚೂರು ಹೋದ್ರ ನೀವ್ ತಗೀತೀರೇನ್? ಮೊದ್ಲ ನಾವಿಬ್ರ ಕಾಸಿ ನೋಡೂಣು. ನಂದು ಸುಳ್ಳಾದ್ರ ಈ ಕೀಲಿಕೈ ತಗೊಂಡು ನನ್ನ ಮನಿಗೆ ಕಳಸ್ರಿ."

ಅಕ್ಕೋರು ನೀರು ತುಂಬಿಸಿ ಸ್ಪಿರಿಟ್ ದೀಪದ ಮೇಲೆ ಇಟ್ಟರು. ಅವರ ತೋಳು ಹಿಡಿದು ಬಾಗಿಲ ಹೊರಗೆ ಎಳೆದುಕೊಂಡೆ. ನಗುತ್ತಲೇ ಬಂದರು. ನೀರು ಸುಂಯ್ ಅನ್ನಲು ಶುರುವಾಗಿತ್ತಷ್ಟೇ, ಬೀಕರಿನ ಅಡಿ ಫಟ್ಟನೆ ಕಳಚಿ ಬಿತ್ತು. ದೀಪ ಆರಿತು. ಬಿಸಿನೀರು, ಗಾಜಿನ ಚೂರು ಮೇಜಿನ ತುಂಬ. ಹುಡುಗಿಯರು ಒರಗಿ ನಿಲ್ಲುವ ಜಾಗ ಅದೇ.

ಅಕ್ಕೋರು ಒಳಗೆ ಬಂದು ಚೂರುಗಳ ಮೇಲೆ ಬಗ್ಗಿದರು. ಆಮೇಲೆ, "ಇದನ್ನ ಇದೇ ವರ್ಷ ಹೊಸಾದು ತರಿಸಿದ್ದು ಆಯಿ. ಹೆಂಗ ಬಿರಕ್ ಬಿಟ್ಟೀತು?" ಅಂದರು.

ಗೆದ್ದವಳು ಸುಮ್ಮನೆ ಇದ್ದರೆ ಆಗುತ್ತಿತ್ತು. ಅಡಿಯ ತುಂಡು ಎತ್ತಿ ನೋಡಿದೆ. ಮೈತುಂಬ ಸಣ್ಣ ಸಣ್ಣ ಗೀರು, ದುಂಡಗೆ ಸುತ್ತಿದ್ದವು. ಹಿತ್ತಾಳೆ ಕೊಡ ತಿಕ್ಕುವ ಕೈ ಹಾಗೇ ಸುತ್ತುತ್ತದೆ. ಯಾವುದೋ ಔಷಧಿಯ ಕಲೆ ಹೋಗದೆ ಇದ್ದಾಗ ಹೊಳೆಯ ಉಸುಕು, ಒಲೆಯ ಬೂದಿ ಹಾಕಿ ಫಳಫಳ ಅನ್ನುವ ತನಕ ತಿಕ್ಕಿದವಳು ನಾನು.

"ಇದು ನನ್ನ ಕೈದ ಕೆಲಸ್ರಿ. ಉಸುಕು ಹಾಕಿ ತಿಕ್ಕೇನಿ," ಅಂದೆ. ಕೀಲಿಕೈ ಮೇಜಿನ ಮೇಲೆ ಇಟ್ಟೆ.

"ಆಯಿ! ಗಾಜ್ ಮಾಡೂದ ಉಸುಕಿನಿಂದ. ಅದಕ್ಕ ಅದನ್ನ ಹಾಕಿ ತಿಕ್ಕಿದೇನ್?"

"ಮತ್ತ? ಗೀರಾವ್ರು ಬಳಗದಾವ್ರ ಅಲ್ಲೇನ್ರಿ."

ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ಮೇಲೆ ಸೋಪಿನ ನೀರು, ಮೆತ್ತನೆಯ ಬ್ರಶ್ಶು ಅಷ್ಟೇ ಎಂದು ಹೇಳಿ ಕೀಲಿಕೈಯನ್ನು ನನ್ನ ಕಡೆ ಸರಿಸಿದರು. ನಾನು ಉಳಿದ ಗಾಜೆಲ್ಲ ತೆಗೆದು ಒಂದೊಂದೇ ಬಡಿದೆ. ಇನ್ನೂ ಐದು ಟಕ್ ಅಂದವು. ಅವೂ ನನ್ನ ಕೈಯವೇ. ಬೇರೆ ಇಟ್ಟೆ.

ಗಂಟೆ ಹೊಡೆಯಿತು, ಹುಡುಗಿಯರು ಬಂದರು. ನೀರು ಕಾಯಿಸುವುದು ಆ ದಿನ ಆಗಲಿಲ್ಲ.

"ಇವತ್ತ ಆಯಿ ಹೇಳ್ತಾಳ. ಕಣ್ ಮುಚ್ಚಿ ಕೇಳ್ರಿ," ಎಂದು ಅಕ್ಕೋರು ಹಿಂದಿನ ಬೆಂಚಿಗೆ ಹೋಗಿ ಕೂತರು.

ನಾನು ಕರಿಹಲಗೆಯ ಮುಂದೆ ನಿಂತು ಗಟ್ಟಿ ಗಾಜು ಒಂದು, ಒಡಕು ಗಾಜು ಒಂದು ಬಡಿಯುತ್ತ ಹೋದೆ. ಒಬ್ಬೊಬ್ಬರನ್ನೇ ಕೇಳಿದೆ. ಜಾಣೆ ಎಂದು ಹೆಸರಾದವಳೇ ಟಕ್ ಎಂದದ್ದನ್ನು ಗಟ್ಟಿ ಅಂದಳು. ಅಕ್ಕೋರ ಎದುರಿಗೇ ಅವಳ ಕಿವಿ ಹಿಂಡಿದೆ. ಎರಡನೇ ಸಲ ಸರಿಯಾಗಿ ಹೇಳಿದಳು.