ಒಂದು ಸುರುಳಿ ಫ್ರಿಟ್ಸ್

ಪರ್ತ್‌ಗೆ ಬಂದ ಮೊದಲ ವಾರ ಮಾಂಸದಂಗಡಿಗೆ ಹೋಗಿ ಒಂದು ಕೆ.ಜಿ. ಮಟನ್ ಕೇಳಿದೆ. ಅಂಗಡಿಯವನು ಚಾಕು ಕೆಳಗಿಟ್ಟು ನಕ್ಕ. ಅದನ್ನೆಲ್ಲ ತನ್ನ ತಾತ ತಿನ್ನುತ್ತಿದ್ದನಂತೆ. ಇಲ್ಲಿ ಮಟನ್ ಎಂದರೆ ಮುದಿ ಕುರಿ. ಜನ ತಿನ್ನುವುದು ಲ್ಯಾಂಬ್, ಅಂದರೆ ವರ್ಷ ತುಂಬದ ಮರಿ. ಬನ್ನೂರು ಕುರಿಯ ರುಚಿ ಕಂಡು ಬೆಳೆದ ಮಂಡ್ಯದ ಗೌಡ ನಾನು, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿದ್ದ ತುಂಡುಗಳಲ್ಲಿ ಒಂದರ ಹೆಸರೂ ತಿಳಿಯದೆ ಪೆಚ್ಚಾಗಿ ನಿಂತೆ. ನಮ್ಮೂರಲ್ಲಾದರೆ ಮರಿ ಕಣ್ಣೆದುರೇ ನೇತಾಡುತ್ತಿರುತ್ತದೆ, ತೊಡೆಯೋ ಎದೆಯೋ ಬೆರಳು ತೋರಿಸಿದರೆ ಸಾಕು. ಇಲ್ಲಿ ಬಾಯಿ ಬಿಡಬೇಕು, ಬಿಟ್ಟರೆ ಮಾನ ಹೋಗುತ್ತದೆ.

ನನ್ನ ಹೆಂಡತಿ ಸುಮಾ ಡಾಕ್ಟರು. ಅವಳ ಕೆಲಸದ ಹಿಂದೆ ನಾನು ಮೈಸೂರಿನ ನೌಕರಿ ಬಿಟ್ಟು ಬಂದವನು. ಹಾಗಾಗಿ ಅಡುಗೆ, ಸಂತೆ, ಮಗಳು ಇಂಪನಾಳನ್ನು ಶಾಲೆಯಿಂದ ಕರೆತರುವುದು, ಎಲ್ಲವೂ ನನ್ನ ಪಾಲಿನದು. ನಿಧಾನಕ್ಕೆ ಕಲಿತೆ. ಕೋಳಿಗೆ ಚುಕ್, ಸಾಸೇಜಿಗೆ ಸ್ನ್ಯಾಗ್. ಮಕ್ಕಳ ಸ್ಯಾಂಡ್‌ವಿಚ್‌ಗೆ ಹಾಕುವ ಗುಲಾಬಿ ಬಣ್ಣದ ದಪ್ಪ ಸಾಸೇಜಿಗೆ ಪೊಲೊನಿ. ಅದರಲ್ಲಿ ದನದ್ದೂ ಹಂದಿಯದೂ ಸೇರಿರುತ್ತದೆ ಎಂದು ಪಕ್ಕದ ಮನೆಯಾಕೆ ಹೇಳಿದ್ದರಿಂದ ಅದನ್ನು ನಾನು ಮುಟ್ಟಲಿಲ್ಲ. ವರ್ಷವಾಗುವ ಹೊತ್ತಿಗೆ ಮಾಂಸದ ವಿಷಯದಲ್ಲಿ ನನಗೆ ಎಲ್ಲ ಗೊತ್ತು ಎಂದು ಬೀಗುತ್ತಿದ್ದೆ.

ಆಮೇಲೆ ಸುಮಾಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು. ಬ್ಲೇರ್ ಅಥಾಲ್‌ನಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಎರಡು ಬೀದಿ ಆಚೆ ದಾವಣಗೆರೆಯ ಡಾಕ್ಟರ್ ನಸ್ರೀನ್ ಇದ್ದಳು, ಸುಮಾಳ ಆಸ್ಪತ್ರೆಯವಳೇ. ಅವಳ ಗಂಡನಿಗೆ ದೂರದ ಊರೊಂದರಲ್ಲಿ ಕೆಲಸ, ಮನೆಗೆ ಬರುತ್ತಿದ್ದುದು ಶನಿವಾರಕ್ಕೊಮ್ಮೆ. ಮೊದಲ ದಿನವೇ ನನ್ನನ್ನು ಅಣ್ಣ ಎಂದು ಕರೆದಳು. ತನ್ನ ಮನೆಯ ಬೀಗದ ಕೈಯನ್ನೂ ಕೊಟ್ಟಳು. ಅವಳ ಮಗಳು ಸಾನಿಯಾ ನಮ್ಮ ಇಂಪನಾಳ ತರಗತಿಯವಳೇ, ಇಬ್ಬರಿಗೂ ಐದು ವರ್ಷ. ಮಧ್ಯಾಹ್ನದ ಹೊತ್ತಿನಲ್ಲಿ, ಇಲ್ಲಿಯವರ ಬಾಯಲ್ಲಿ ಆರ್ವೊದಲ್ಲಿ, ಇಬ್ಬರನ್ನೂ ನಾನೇ ಕರೆತರುತ್ತಿದ್ದೆ. ನಸ್ರೀನ್ ಹೇಳಿದ್ದು ಒಂದೇ ಮಾತು. ನಿಮ್ಮ ಮನೆಯಲ್ಲಿ ಏನು ಕೊಟ್ಟರೂ ತಿನ್ನಲಿ, ಮಾಂಸ ಮಾತ್ರ ನಮ್ಮ ಹಲಾಲ್ ಅಂಗಡಿಯದೇ ಆಗಬೇಕು. ಸಾನಿಯಾ ಇದ್ದ ದಿನ ನಮ್ಮಲ್ಲಿ ಉಪ್ಪಿಟ್ಟು, ಮೊಸರನ್ನ ಅಷ್ಟೇ. ಇದನ್ನು ಕಟ್ಟುನಿಟ್ಟಾಗಿ ನಡೆಸುತ್ತೇನೆಂದು ನನಗೆ ಒಳಗೊಳಗೇ ಜಂಬ.

ಒಂದು ಶುಕ್ರವಾರ, ಭಾನುವಾರದ ಬಾಡೂಟಕ್ಕೆ ಲ್ಯಾಂಬ್ ತರಲು ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಮಾಂಸದಂಗಡಿಗೆ ಹೋದೆ. ಅಂಗಡಿಗೆ ಬಂದ ಮಗುವನ್ನು ಬರಿಗೈಲಿ ಕಳಿಸಬಾರದು ಅನ್ನುವುದು ಅಡಿಲೇಡಿನ ಕಸಾಯಿಯವರ ರೂಢಿ. ನನಗೆ ಅದು ತಿಳಿದಿರಲಿಲ್ಲ. ಅಂಗಡಿಯ ಮುದುಕ ಕೌಂಟರಿನ ಮೇಲಿಂದ ಬಗ್ಗಿ, ಮಕ್ಕಳಿಗೆ ಫ್ರಿಟ್ಸ್ ಕೊಡಲೇ ಎಂದು ಕೇಳಿದ. ಯಾವುದೋ ಚೀಸ್ ಇರಬೇಕು ಅಂದುಕೊಂಡೆ. ದೊಡ್ಡವರು ಮಗುವಿಗೆಂದು ಚಾಚಿದ ಕೈಯನ್ನು ತಡೆಯುವುದು ನಮ್ಮ ಕಡೆ ಉಂಟೇ? ಹೂಂ ಎಂದು ತಲೆಯಾಡಿಸಿದೆ. ಅವನು ತೆಳುವಾದ ಎರಡು ಬಿಲ್ಲೆಗಳನ್ನು ಸುರುಳಿ ಸುತ್ತಿ ಕೊಟ್ಟ. ಇಂಪನಾ ಗಬಕ್ಕನೆ ಬಾಯಿಗೆ ಹಾಕಿಕೊಂಡಳು. ಸಾನಿಯಾ ಹಾಗೆ ಮಾಡಲಿಲ್ಲ. ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಅಂಕಲ್, ಈಸ್ ಇಟ್ ಓಕೆ ಫಾರ್ ಮಿ?"

ನಾನು ಜೇಬಿನಲ್ಲಿ ಕಾರ್ಡು ಹುಡುಕುತ್ತಿದ್ದೆ. ಸರಿಯಾಗಿ ನೋಡಲೂ ಇಲ್ಲ.

"ತಿನ್ನು ಪುಟ್ಟ, ಏನೂ ಆಗಲ್ಲ" ಅಂದೆ.

ಅವಳು ತಿಂದಳು. ಇಷ್ಟಪಟ್ಟೇ ತಿಂದಳು. ಆಮೇಲೆ ನನ್ನ ಕಣ್ಣು ಕೌಂಟರಿನ ಮೇಲಿದ್ದ ಗುಲಾಬಿ ಬಣ್ಣದ ದಪ್ಪ ಸಾಸೇಜಿನ ಮೇಲೆ ಬಿತ್ತು. ಇದೇನು ಎಂದು ಕೇಳಿದರೆ, ಪರ್ತ್‌ನವರು ಪೊಲೊನಿ ಅನ್ನುತ್ತಾರಲ್ಲ, ಅದೇ ಎಂದ ಮುದುಕ. ಹಂದಿ ಇದೆಯೇ ಎಂದೆ. ಇಲ್ಲದೆ ಇನ್ನೇನು, ಅದರಿಂದಲೇ ರುಚಿ ಅಂದ. ಪೊಲೊನಿ ಎಂದಿದ್ದರೆ ಹಾರಿ ಹೋಗಿ ಕಿತ್ತುಕೊಳ್ಳುತ್ತಿದ್ದೆ. ನನ್ನ ಮಗಳು ತಿಂದದ್ದಕ್ಕೆ ಅಷ್ಟೇನೂ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಈ ಮಗು ಮಾತ್ರ ಕೇಳಿ ತಿಂದಿತ್ತು.

ಅಲ್ಲಿಯವರೆಗಿನದನ್ನು ತಿಳಿಯದೆ ಆದ ತಪ್ಪು ಅನ್ನಬಹುದಿತ್ತು. ನಾನು ಮಾಡಿದ ಪಾಪ ಸಂಜೆಯದು. ನಸ್ರೀನ್ ಮಗಳನ್ನು ಕರೆದೊಯ್ಯಲು ಬಂದಾಗ, ಏನು ತಿಂದೆ ಎಂದು ಎಂದಿನಂತೆ ಕೇಳಿದಳು. ಸಾನಿಯಾ ಫ್ರಿಟ್ಸ್ ಎಂದಳು. ನಸ್ರೀನ್ ನನ್ನತ್ತ ತಿರುಗಿದಳು. "ಹಂಗಂದ್ರೇನಣ್ಣ?"

"ಒಂಥರಾ ಬಿಸ್ಕೆಟ್ ಕಣಮ್ಮ" ಅಂದುಬಿಟ್ಟೆ.

ಅವಳು ನಂಬಿದಳು. ನಾಳೆ ಹೇಳೋಣ, ಭಾನುವಾರ ಹೇಳೋಣ ಅಂತ ದಿನ ತಳ್ಳಿದೆ. ಸುಮಾಗೂ ಹೇಳಲಿಲ್ಲ. ರಂಜಾನ್ ತಿಂಗಳ ಸಂಜೆಗಳಲ್ಲಿ ನಸ್ರೀನ್ ಬಿರಿಯಾನಿ ಬಡಿಸುವಾಗಲೆಲ್ಲ, ಅಣ್ಣ ಇರೋದ್ರಿಂದ ನಾನು ನೆಮ್ಮದಿಯಾಗಿ ಡ್ಯೂಟಿ ಮಾಡ್ತೀನಿ ಎಂದು ಬಂದವರೆದುರು ಹೇಳುತ್ತಿದ್ದಳು. ಮುಂದಿನ ವರ್ಷ ಸುಮಾಗೆ ಬ್ರಿಸ್ಬೇನಿನಲ್ಲಿ ಕೆಲಸವಾದಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹಗುರವೆನಿಸಿತು.

ಈಗ ನಾವು ಅಲ್ಲಿಯ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿದ್ದೇವೆ. ಹೆಸರಿಗೆ ಕೆರೆ, ಜನ ತೋಡಿಸಿದ್ದು. ನಮ್ಮ ಕಡೆಯ ಕೆರೆಯಂತೆ ಇದಕ್ಕೆ ಗದ್ದೆಯಿಲ್ಲ, ತೂಬಿಲ್ಲ, ಸುತ್ತಲೂ ನಡೆಯುವವರ ದಾರಿ ಅಷ್ಟೇ. ಹೋದ ರಜೆಯಲ್ಲಿ ನಸ್ರೀನ್ ಮಗಳೊಂದಿಗೆ ನಾಲ್ಕು ದಿನಕ್ಕೆ ಬಂದಳು. ಒಂದು ಬೆಳಿಗ್ಗೆ ಸುಮಾ, ನಸ್ರೀನ್ ಕೆರೆ ಸುತ್ತಲು ಹೋಗಿದ್ದರು, ಇಂಪನಾ ಇನ್ನೂ ಎದ್ದಿರಲಿಲ್ಲ. ಸಾನಿಯಾ ನನ್ನೊಡನೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಈಗ ಒಂಬತ್ತು ವರ್ಷ, ಮಾತು ಕಡಿಮೆ. ಇಲ್ಲಿಯವರು ಫ್ರಿಟ್ಸ್‌ಗೆ ಏನನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಲಂಚನ್ ಅಂತಾರೆ ಎಂದೆ. ತಲೆ ಎತ್ತಲಿಲ್ಲ ಅವಳು.

"ಡೋಂಟ್ ವರಿ ಅಂಕಲ್. ಐ ನೆವರ್ ಟೋಲ್ಡ್ ಅಮ್ಮಿ."

ಅಡಿಲೇಡಿನಲ್ಲಿ ಬೆಳೆದ ಯಾವ ಮಗುವಿಗೆ ಫ್ರಿಟ್ಸ್ ಅಂದರೇನು ಎಂದು ಗೊತ್ತಿರುವುದಿಲ್ಲ! ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ಸುಳ್ಳನ್ನು ಆ ಪುಟ್ಟ ಹುಡುಗಿ ಕಾಯುತ್ತಿದ್ದಳು, ನನ್ನ ಮರ್ಯಾದೆ ಉಳಿಸಲು.

ನಸ್ರೀನ್ ಬಂದು ಶೂ ಬಿಚ್ಚುವಷ್ಟರಲ್ಲಿ ಎಲ್ಲವನ್ನೂ ಹೇಳಿದೆ. ಬಿಸ್ಕೆಟ್ ಎಂದದ್ದನ್ನೂ ಬಿಡಲಿಲ್ಲ. ಸುಮಾ ನನ್ನನ್ನೇ ದಿಟ್ಟಿಸುತ್ತ ನಿಂತಳು. ನಸ್ರೀನ್, ಸಾನಿಯಾಗೆ ಇದು ಗೊತ್ತಾ ಎಂದು ಕೇಳಿದಳು. ಗೊತ್ತು ಅಂದೆ.

"ಗೊತ್ತಿಲ್ದೆ ತಿಂದಿದ್ದಕ್ಕೆ ಮಗು ಮೇಲೆ ಪಾಪ ಇಲ್ಲ" ಎಂದಳು. "ಆದ್ರೆ ನನ್ನ ಹತ್ರ ಮುಚ್ಚಿಡೋದನ್ನ ಅವಳಿಗೆ ಕಲಿಸಿಬಿಟ್ರಲ್ಲ."

ಜಗಳವಾಡಲಿಲ್ಲ. ಉಳಿದ ಎರಡು ದಿನವೂ ಇದ್ದೇ ಹೋದಳು. ಮಗಳ ತಟ್ಟೆಗೆ ಮಾತ್ರ ತಾನೇ ಬಡಿಸಿದಳು, ಬರಿಯ ಅನ್ನ ಸಾರನ್ನೂ ಸಹ. ನಾನು ಸೌಟು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.

ಮಂಡ್ಯಕ್ಕೆ ಹೋದರೆ ಈಗ ನನಗೆ ನೆಂಟರ ಉಪಚಾರ, ಕೂರಲು ಕುರ್ಚಿ ಎಳೆದು ಕೊಡುತ್ತಾರೆ. ಬ್ರಿಸ್ಬೇನ್ ಇನ್ನೂ ನನ್ನದಾಗಿಲ್ಲ. ಹೇಳದೆ ಕೇಳದೆ ಒಳಗೆ ಹೋಗಿ ಟೀ ಕಾಯಿಸಿಕೊಳ್ಳಬಹುದಾದ ಮನೆ ಅಂತ ನನಗೆ ಈ ದೇಶದಲ್ಲಿ ಒಂದೇ ಒಂದಿತ್ತು. ಮುಂದಿನ ತಿಂಗಳು ಸುಮಾಗೆ ಅಡಿಲೇಡಿನಲ್ಲಿ ಮೀಟಿಂಗ್ ಇದೆ, ನೀನೂ ಬಾ ಅನ್ನುತ್ತಿದ್ದಾಳೆ. ಹೋದರೆ ಎಲ್ಲಿ ಇಳಿದುಕೊಳ್ಳುವುದು ಎಂದು ಕೇಳಿದೆ. ಹೋಟೆಲ್ ನೋಡಿದ್ದೇನೆ ಎಂದಳು.